ಎರಡು ತಲೆಯ ಹಕ್ಕಿ ಸಂಕೇಶ್ವರಕ್ಕೆ ಬಂದದ್ದು

(ರಾಜ್ಯದ ಆಡಳಿತ ಮತ್ತು ಲಾಂಛನಗಳನ್ನು ಕುರಿತು ಸಂಕೇಶ್ವರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹೊಲದ ಉತಾರ ತೆಗೆಸಲು ಹುಕ್ಕೇರಿಗೆ ಹೋಗಿ ಬಂದವರು, ಪುರಸಭೆಯಲ್ಲಿ ಮನೆಯ ಕರ ತುಂಬಿ ಬಂದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಸರಕಾರಿ ಕಾಗದದ ನೆತ್ತಿಯ ಮೇಲೆ ಒಂದು ಚಿತ್ರವಿರುತ್ತದೆ. ಸಾಲಿಗೆ ಹೋಗುವ ಹುಡುಗನ ಅಂಕಪಟ್ಟಿಯ ಮೇಲೂ ಅದು ಇರುತ್ತದೆ. ಹೆಸರು ಸರಿಯಾಗಿದೆಯೇ, ಸರ್ವೆ ನಂಬರು ತಪ್ಪಿದೆಯೇ, ಸಹಿ ಬಿದ್ದಿದೆಯೇ ಎಂದು ನೋಡುವವರೆಲ್ಲ ಆ ಚಿತ್ರವನ್ನು ಮಾತ್ರ ನೋಡದೆ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಕೆಂಪು ಗುರಾಣಿಯೊಳಗೆ ಎರಡು ತಲೆಯ ಬಿಳಿ ಹಕ್ಕಿ. ಎಡಬಲಕ್ಕೆ ಆನೆಯ ಸೊಂಡಿಲು, ಸಿಂಹದ ಮೈ ಇರುವ ಎರಡು ಪ್ರಾಣಿಗಳು. ನೆತ್ತಿಯಲ್ಲಿ ಸಾರನಾಥದ ಸಿಂಹಗಳು. ಬುಡದಲ್ಲಿ ‘ಸತ್ಯಮೇವ ಜಯತೇ’ ಎಂಬ ನಾಗರೀ ಅಕ್ಷರ. ಇದು ಕರ್ನಾಟಕ ಸರಕಾರದ ಲಾಂಛನ.

ಈ ಹಕ್ಕಿ ಸಂಕೇಶ್ವರದ್ದಲ್ಲ. ಮೈಸೂರಿನದು. ಅದು ಇಲ್ಲಿಗೆ ಬಂದದ್ದು 1956ರ ನವೆಂಬರ್ 1ರಂದು. ಆ ದಿನ ಬಂದದ್ದು ಹಕ್ಕಿಯೊಂದೇ ಅಲ್ಲ. ವಿಧಾನಸಭೆ, ಹೈಕೋರ್ಟು, ಕಂದಾಯ ಖಾತೆ, ರಾಜಧಾನಿ ಎಲ್ಲವೂ ಒಟ್ಟಿಗೆ ಬದಲಾದವು. ಅಕ್ಟೋಬರ್ 31ರ ರಾತ್ರಿ ಮಲಗಿದಾಗ ಊರು ಮುಂಬಯಿ ರಾಜ್ಯದಲ್ಲಿತ್ತು. ಬೆಳಗ್ಗೆ ಎದ್ದಾಗ ಮೈಸೂರು ರಾಜ್ಯದಲ್ಲಿತ್ತು. ಆಡಳಿತವನ್ನು ಒಂದು ಕಾಯಿದೆಯಿಂದ ಒಂದೇ ರಾತ್ರಿಯಲ್ಲಿ ಬದಲಿಸಬಹುದು. ಲಾಂಛನದ ಸಂಗತಿ ಹಾಗಲ್ಲ. ಅದು ಕಾಗದದ ಮೇಲೆ ಕೂಡಲೇ ಅಚ್ಚಾಗುತ್ತದೆ, ಆದರೆ ಜನರ ಮನಸ್ಸಿನಲ್ಲಿ ಕೂರಲು ಒಂದೆರಡು ತಲೆಮಾರು ಬೇಕು. ಆ ಎರಡರ ನಡುವಿನ ಅಂತರದಲ್ಲಿ ಏನಾಯಿತು ಎಂಬುದೇ ಇವತ್ತಿನ ವಿಷಯ.

ರಾಜ್ಯ ಪುನರ್ವಿಂಗಡಣಾ ಕಾಯಿದೆ ಬೆಳಗಾವಿ ಜಿಲ್ಲೆಯನ್ನು ಪೂರ್ತಿಯಾಗಿ ಮೈಸೂರಿಗೆ ಕೊಡಲಿಲ್ಲ. ಚಂದಗಡ ತಾಲೂಕನ್ನು ಬಿಡಿಸಿ ಮುಂಬಯಿ ರಾಜ್ಯದಲ್ಲೇ ಉಳಿಸಿತು. ಹಿರಣ್ಯಕೇಶಿ ನದಿ ಮಹಾರಾಷ್ಟ್ರದ ಘಟ್ಟದಲ್ಲಿ ಹುಟ್ಟಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬರುತ್ತದೆ. ಅದಕ್ಕೆ ಈ ಗೆರೆಯ ಸುದ್ದಿ ಇಲ್ಲ. ಊರಿನ ಬಸ್ ನಿಲ್ದಾಣದಲ್ಲಿ ಮಹಾರಾಷ್ಟ್ರದ ಎಸ್.ಟಿ. ಬಸ್ಸೂ ನಿಲ್ಲುತ್ತದೆ, ಕರ್ನಾಟಕದ ಬಸ್ಸೂ ನಿಲ್ಲುತ್ತದೆ. ಸಂಕೇಶ್ವರದ ಶಂಕರಾಚಾರ್ಯ ಪೀಠದ ಹೆಸರಿನಲ್ಲೇ ಕೊಲ್ಹಾಪುರದ ಹಳೆಯ ಹೆಸರಾದ ‘ಕರವೀರ’ ಸೇರಿಕೊಂಡಿದೆ. ಇಂಥ ಊರಿಗೆ ಗೆರೆ ಎಳೆದವರ ಕೈ ಸ್ವಲ್ಪ ನಡುಗಿರಬೇಕು.

ಹೊಸ ಮೈಸೂರು ರಾಜ್ಯವನ್ನು ಬೆಂಗಳೂರಿನಲ್ಲಿ ಉದ್ಘಾಟಿಸಿದವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್. ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ರಾಜ್ಯಪಾಲರು ಯಾರು ಗೊತ್ತೇ? ಮೈಸೂರಿನ ಮಹಾರಾಜರೇ ಆಗಿದ್ದ ಜಯಚಾಮರಾಜ ಒಡೆಯರು. 1950ರಿಂದ ಅವರು ಹಳೆಯ ಮೈಸೂರಿನ ರಾಜಪ್ರಮುಖರಾಗಿದ್ದರು. 1956ರಲ್ಲಿ ವಿಶಾಲ ಮೈಸೂರಿನ ರಾಜ್ಯಪಾಲರಾದರು. ಮುಂಬಯಿಯ ಕಾಂಗ್ರೆಸ್ ಮಂತ್ರಿಗಳ ಆಡಳಿತ ನೋಡಿದ್ದ ಬೆಳಗಾವಿಯ ಜನಕ್ಕೆ ರಾಜ್ಯದ ಅತ್ಯುನ್ನತ ಸ್ಥಾನದಲ್ಲಿ ಒಬ್ಬ ಅರಸರು, ಅವರ ಮನೆತನದ ಹಕ್ಕಿ ಸರಕಾರದ ಕಾಗದದ ಮೇಲೆ! ‘ನಾವು ಕೂಡಿಕೊಂಡೆವೋ, ನಮ್ಮನ್ನು ಸೇರಿಸಿಕೊಂಡರೋ’ ಎಂಬ ಅನುಮಾನ ಈ ಭಾಗದಲ್ಲಿ ಅಂದು ಹುಟ್ಟಿದ್ದರೆ ಅದಕ್ಕೆ ಕಾರಣವಿತ್ತು. ರಾಜ್ಯದ ಹೆಸರು ಕೂಡ ‘ಮೈಸೂರು’ ಎಂದೇ ಉಳಿಯಿತು. ಗದಗದ ಕಡೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರಂಥವರು ‘ಕರ್ನಾಟಕ’ ಎಂಬ ಹೆಸರಿಗಾಗಿ ವರ್ಷಗಟ್ಟಲೆ ಗುದ್ದಾಡಬೇಕಾಯಿತು. ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ಒಂದು ರಾಜ್ಯ ತನ್ನ ಹೆಸರು ಹೇಳಲು ಹದಿನೇಳು ವರ್ಷ ತೆಗೆದುಕೊಂಡಿತು.

ಆಡಳಿತದ ಶಬ್ದಗಳನ್ನೇ ನೋಡಿ. ಮೈಸೂರಿನ ಕಡೆಯವರು ಪಹಣಿ ಎಂದರೆ ಇಲ್ಲಿಯವರು ಉತಾರ ಎನ್ನುತ್ತಾರೆ. ಅಲ್ಲಿ ಅಮಲ್ದಾರ, ಇಲ್ಲಿ ಮಾಮಲೇದಾರ. ಅಲ್ಲಿ ಶಾನುಭೋಗ, ಇಲ್ಲಿ ಕುಲಕರ್ಣಿ. ಕುಲಕರ್ಣಿಕೆ ಹೋದ ಮೇಲೆ ತಲಾಠಿ. 1964ರ ಭೂಕಂದಾಯ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ಪದ್ಧತಿ ತಂದು ಎಲ್ಲರನ್ನೂ ತಹಶೀಲ್ದಾರ, ಗ್ರಾಮ ಲೆಕ್ಕಿಗ ಎಂದು ಕರೆಯಿತು. ಈಗ ಗ್ರಾಮ ಲೆಕ್ಕಿಗನೂ ಹೋಗಿ ಗ್ರಾಮ ಆಡಳಿತ ಅಧಿಕಾರಿ ಬಂದಿದ್ದಾನೆ. ಆದರೆ ಹುಕ್ಕೇರಿ ತಾಲೂಕಿನ ಯಾವುದೇ ಹಳ್ಳಿಯ ಕಟ್ಟೆಯ ಮೇಲೆ ‘ತಲಾಠಿ ಬಂದಾನೇನ?’ ಎಂದು ಕೇಳಿದರೆ ಉತ್ತರ ಸಿಗುತ್ತದೆ, ಹೊಸ ಹೆಸರು ಹೇಳಿದರೆ ಮುಖ ನೋಡುತ್ತಾರೆ. ಸರಕಾರ ಬದಲಾದರೂ ಶಬ್ದ ಬದಲಾಗಲಿಲ್ಲ.

ಇನ್ನು ಆ ಹಕ್ಕಿಯ ವಿಚಾರ. ಗಂಡಭೇರುಂಡ ಬರೀ ಮೈಸೂರು ಅರಮನೆಯ ಸ್ವತ್ತು ಎಂದು ತಿಳಿಯುವುದು ಸರಿಯಲ್ಲ. ಒಡೆಯರಿಗಿಂತ ಬಹಳ ಹಿಂದೆಯೇ ಅದು ಕನ್ನಡ ನಾಡಿನಲ್ಲಿ ಹಾರಾಡಿದೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ಒಂದು ಎತ್ತರದ ಕಲ್ಲಿನ ಕಂಬವಿದೆ. ಅದರ ಮೇಲಿನ ಗಂಡಭೇರುಂಡಕ್ಕೆ ಮನುಷ್ಯನ ದೇಹ, ಹಕ್ಕಿಯ ಎರಡು ತಲೆ. ಅದು 11ನೆಯ ಶತಮಾನದ್ದು; ಕಲ್ಯಾಣದ ಚಾಲುಕ್ಯರ ಅಧೀನದಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯ ನಿಲ್ಲಿಸಿದ್ದು. ಕಲ್ಯಾಣ ಇರುವುದು ಇಂದಿನ ಬೀದರ ಜಿಲ್ಲೆಯಲ್ಲಿ. ಅಂದರೆ ಈ ಹಕ್ಕಿ ಕಲ್ಲಿನ ಮೇಲೆ ಕೂತ ಕಾಲದಲ್ಲಿ ನಾಡಿನ ದೊರೆತನ ಉತ್ತರದಲ್ಲಿತ್ತು, ದಕ್ಷಿಣದಲ್ಲಲ್ಲ. ಆಮೇಲೆ ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳ ಮೇಲೆ ಅದು ಕಾಣುತ್ತದೆ. ಕೊಕ್ಕಿನಲ್ಲಿ, ಉಗುರಿನಲ್ಲಿ ಆನೆಗಳನ್ನು ಎತ್ತಿ ಹಿಡಿದಿರುವ ಅಬ್ಬರದ ಹಕ್ಕಿ. ಕೆಳದಿಯ ರಾಮೇಶ್ವರ ಗುಡಿಯ ಮಾಳಿಗೆಯಲ್ಲಿ ಕೆತ್ತನೆಯಾಗಿ ಇದೆ. ವಿಜಯನಗರ ಅಳಿದ ಮೇಲೆ ಉಳಿದ ಅರಸುಮನೆತನಗಳಲ್ಲಿ ಮೈಸೂರಿನವರು ಅದನ್ನು ಕೊನೆಯವರೆಗೆ ಕಾಪಾಡಿಕೊಂಡರು ಅಷ್ಟೆ.

ಹಾಗಾದರೆ ಬೆಳಗಾವಿ ನಾಡಿಗೆ ತನ್ನದೇ ಗುರುತು ಇರಲಿಲ್ಲವೇ? ಇತ್ತು. ಸವದತ್ತಿಯಿಂದ, ಆಮೇಲೆ ವೇಣುಗ್ರಾಮವೆಂಬ ಬೆಳಗಾವಿಯಿಂದ ಆಳಿದ ರಟ್ಟರ ಶಾಸನಗಳು ಅವರ ಸುವರ್ಣ ಗರುಡಧ್ವಜವನ್ನು ಹೊಗಳುತ್ತವೆ. ಚಾಲುಕ್ಯರದು ವರಾಹ. ಕದಂಬರದು ಸಿಂಹ. ಹೊಯ್ಸಳರದು ಹುಲಿಯೊಡನೆ ಕಾದುವ ಸಳ. ಹೀಗೆ ನಾಲ್ಕಾರು ಲಾಂಛನಗಳು ಇದ್ದ ನಾಡಿನಲ್ಲಿ ಒಂದು ಉಳಿದು ಉಳಿದವು ಶಾಸನಗಳಿಗೆ ಸರಿದವು. ಕಾರಣ ಸರಳ: 1956ರ ಹೊತ್ತಿಗೆ ಕನ್ನಡಿಗರ ಕೈಯಲ್ಲಿ ಚಾಲ್ತಿಯಲ್ಲಿದ್ದ ದೊಡ್ಡ ಸರಕಾರ ಮೈಸೂರಿನದೊಂದೇ. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಇವುಗಳಿಂದ ಬಂದ ಕನ್ನಡಿಗರು ತಮ್ಮ ಜೊತೆ ಜಿಲ್ಲೆಗಳನ್ನು ತಂದರು, ಲಾಂಛನ ತರಲಿಲ್ಲ. ತರಲು ಅವರ ಬಳಿ ಇರಲೂ ಇಲ್ಲ.

ಆ ಲಾಂಛನದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಕ್ಕೆಲಗಳಲ್ಲಿ ನಿಂತ ಆನೆಮೊಗದ ಸಿಂಹಗಳಿಗೆ ಶರಭ ಎಂದು ಹೆಸರು. ಹಿರಣ್ಯಕಶಿಪುವನ್ನು ಕೊಂದ ಮೇಲೂ ತಣ್ಣಗಾಗದ ನರಸಿಂಹನನ್ನು ಅಡಗಿಸಲು ಶಿವ ಶರಭನಾದ ಎಂಬುದು ಶೈವರ ಕಥೆ. ಆ ಶರಭನನ್ನು ಮಣಿಸಲು ನರಸಿಂಹ ಗಂಡಭೇರುಂಡನಾದ ಎಂಬುದು ವೈಷ್ಣವರ ಕಥೆ. ಪುರಾಣದಲ್ಲಿ ಜಗಳವಾಡಿದವರು ಸರಕಾರದ ಕಾಗದದ ಮೇಲೆ ಒಬ್ಬರಿಗೊಬ್ಬರು ಆಸರೆಯಾಗಿ ನಿಂತಿದ್ದಾರೆ! ಮೈಸೂರು ಅರಮನೆಯ ಹಳೆಯ ಲಾಂಛನದಲ್ಲಿ ಬುಡದಲ್ಲಿದ್ದ ಮಾತು ‘ಸತ್ಯಮೇವೋದ್ಧರಾಮ್ಯಹಂ’, ಎಂದರೆ ಸತ್ಯವನ್ನೇ ನಾನು ಎತ್ತಿ ಹಿಡಿಯುತ್ತೇನೆ ಎಂಬ ಅರಸರ ಪ್ರತಿಜ್ಞೆ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದ ಮುದ್ರೆಯಲ್ಲಿ ಅದು ಇಂದಿಗೂ ಇದೆ. ಸರಕಾರದ ಲಾಂಛನದಲ್ಲಿ ಅದರ ಬದಲು ‘ಸತ್ಯಮೇವ ಜಯತೇ’ ಬಂತು. ಒಬ್ಬ ಅರಸನ ‘ನಾನು’ ಹೋಯಿತು. ನೆತ್ತಿಯ ಮೇಲೆ ಅಶೋಕನ ಸಿಂಹಗಳು ಕೂತವು. ಕಣ್ಣಿಗೆ ಬೀಳದ ಈ ಸಣ್ಣ ಬದಲಾವಣೆಯಲ್ಲೇ ಅರಸೊತ್ತಿಗೆ ಹೋಗಿ ಗಣರಾಜ್ಯ ಬಂದ ಕಥೆ ಅಡಗಿದೆ. ಬೆಳಗಾವಿಯವರು ಈ ಹಕ್ಕಿಯನ್ನು ಒಪ್ಪಲು ಇಷ್ಟು ಸಾಕು.

ಆಡಳಿತದ ರಚನೆಯನ್ನು ಚುಟುಕಾಗಿ ಹೇಳಿ ಮುಂದಕ್ಕೆ ಹೋಗುವುದು ಒಳ್ಳೆಯದು. ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ವಿಧಾನಸಭೆಯಲ್ಲಿ 224 ಚುನಾಯಿತ ಸದಸ್ಯರು. ವಿಧಾನ ಪರಿಷತ್ತಿನಲ್ಲಿ 75 ಮಂದಿ: ವಿಧಾನಸಭೆಯವರು ಆರಿಸುವವರು 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣಗೊಂಡವರು 11. ಇಂದು ದೇಶದಲ್ಲಿ ಆರೇ ರಾಜ್ಯಗಳಿಗೆ ಮೇಲ್ಮನೆ ಇದೆ. ಅವುಗಳಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಸೇರಿವೆ. ಮೈಸೂರಿಗೆ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ಶಾಸನ ಪರಿಷತ್ತು ಬಂದಿದ್ದವು ಎಂದು ಆ ಭಾಗದವರು ಹೆಮ್ಮೆಪಡುತ್ತಾರೆ, ನ್ಯಾಯವೇ. ಆದರೆ ಬೆಳಗಾವಿಯವರೂ 1937ರಿಂದ ಮುಂಬಯಿ ವಿಧಾನಸಭೆಗೆ ಶಾಸಕರನ್ನು ಕಳಿಸಿ ಮಂತ್ರಿಮಂಡಲ ಏಳುವುದನ್ನೂ ಬೀಳುವುದನ್ನೂ ಕಂಡವರು. ಪ್ರಜಾಪ್ರಭುತ್ವದ ಪಾಠ ಬೆಂಗಳೂರಿನಿಂದ ಕಲಿಯಬೇಕಾದ ಸ್ಥಿತಿಯಲ್ಲಿ ಅವರು ಇರಲಿಲ್ಲ.

ಸಂಕೇಶ್ವರದ ಮಟ್ಟಿಗೆ ಈ ರಚನೆಯಲ್ಲಿ ಒಂದು ಕೊರಗಿದೆ. ಹಿಂದೆ ವಿಧಾನಸಭೆಯಲ್ಲಿ ‘ಸಂಕೇಶ್ವರ’ ಎಂಬ ಹೆಸರಿನ ಕ್ಷೇತ್ರವೇ ಇತ್ತು. 2004ರ ಚುನಾವಣೆ ಆ ಹೆಸರಿನಲ್ಲಿ ನಡೆದ ಕೊನೆಯದು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಆ ಹೆಸರು ಅಳಿಸಿಹೋಯಿತು, ಊರು ಹುಕ್ಕೇರಿ ಕ್ಷೇತ್ರಕ್ಕೆ ಸೇರಿತು, ಲೋಕಸಭೆಗೆ ಚಿಕ್ಕೋಡಿ. ಪಕ್ಕದ ಯಮಕನಮರಡಿಗೆ ಹೊಸದಾಗಿ ಕ್ಷೇತ್ರ ಸಿಕ್ಕಿತು. ಊರು ತಾಲೂಕು ಕೇಂದ್ರವಾದ ಹುಕ್ಕೇರಿಗಿಂತ ದೊಡ್ಡದು. ರಾಷ್ಟ್ರೀಯ ಹೆದ್ದಾರಿ ಇದೆ, ಸಕ್ಕರೆ ಕಾರ್ಖಾನೆ ಇದೆ, ಪುರಸಭೆ ಇದೆ, ತಹಶೀಲ್ದಾರ ಮಾತ್ರ ಬೇರೆ ಕಡೆ. ಇದನ್ನು ಯಾರಾದರೂ ದೆಹಲಿಗೆ ಬರೆದು ಬಗೆಹರಿಸುತ್ತಾರೆಂದು ಕಾಯುವುದರಲ್ಲಿ ಅರ್ಥವಿಲ್ಲ; ವಿಂಗಡಣೆ ನಡೆಯುವುದು ಜನಗಣತಿಯ ಲೆಕ್ಕದ ಮೇಲೆ.

ಆಡಳಿತದಲ್ಲಿ ಈ ತಾಲೂಕಿಗೆ ಇರುವ ಒಂದು ವಿಶೇಷವನ್ನೂ ಹೇಳಲೇಬೇಕು. ಕರ್ನಾಟಕದಲ್ಲಿ ಮನೆಮನೆಗೆ ವಿದ್ಯುತ್ತು ಕೊಡುವುದು ಸರಕಾರಿ ಕಂಪನಿಗಳು. ಹುಕ್ಕೇರಿ ತಾಲೂಕಿನಲ್ಲಿ ಮಾತ್ರ ಅದನ್ನು ಕೊಡುವುದು ಒಂದು ಸಹಕಾರಿ ಸಂಘ, 1969ರಲ್ಲಿ ಹುಟ್ಟಿದ್ದು. ಬೆಂಗಳೂರಿನಲ್ಲಿ ಕೂತವರು ಇದನ್ನು ಕೇಳಿದರೆ ಹುಬ್ಬೇರಿಸುತ್ತಾರೆ. ಕರೆಂಟು ಹೋದರೆ ಸರಕಾರವನ್ನು ಬೈಯುವ ಸುಖ ಇಲ್ಲಿಯವರಿಗೆ ಪೂರ್ತಿಯಾಗಿ ಸಿಗುವುದಿಲ್ಲ. ಸಂಘದ ಸದಸ್ಯರು ತಾವೇ.

ಲಾಂಛನದ ಬಳಿಕ ಹಾಡು. ಈ ವಿಷಯದಲ್ಲಿ ಬೆಳಗಾವಿ ಮೈಸೂರಿಗಿಂತ ಒಂದು ಹೆಜ್ಜೆ ಮುಂದಿತ್ತು ಎನ್ನಬೇಕು. ಮೈಸೂರು ಸಂಸ್ಥಾನಕ್ಕೆ ‘ಕಾಯೌ ಶ್ರೀ ಗೌರಿ’ ಎಂಬ ಗೀತೆ ಇತ್ತು, ಬಸವಪ್ಪ ಶಾಸ್ತ್ರಿಗಳು ಬರೆದದ್ದು. ಅದು ಅರಸರನ್ನು ಕಾಯೆಂದು ದೇವಿಯಲ್ಲಿ ಬೇಡುವ ಪ್ರಾರ್ಥನೆ. ಇಡೀ ಕನ್ನಡ ನಾಡನ್ನು ಒಂದಾಗಿ ಕಂಡ ಹಾಡು ಮೊಳಗಿದ್ದು ಬೆಳಗಾವಿಯಲ್ಲಿ, 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನದಲ್ಲಿ. ಗದಗಿನ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ ಗೀತೆಯನ್ನು ಅಲ್ಲಿ ಸ್ವಾಗತಗೀತೆಯಾಗಿ ಹಾಡಲಾಯಿತು. ಹಾಡಿದ ಮಕ್ಕಳಲ್ಲಿ ಬಾಲಕಿ ಗಂಗೂಬಾಯಿ ಹಾನಗಲ್ ಇದ್ದರು. ರಾಜ್ಯವಿನ್ನೂ ಹುಟ್ಟಿರಲಿಲ್ಲ, ಹುಟ್ಟಲು ಮೂವತ್ತೆರಡು ವರ್ಷ ಬಾಕಿ ಇತ್ತು. ಹಾಡು ಮೊದಲು ಬಂತು, ರಾಜ್ಯ ಆಮೇಲೆ ಬಂತು.

ಆದರೆ ನಾಡಗೀತೆಯ ಪಟ್ಟ ಅದಕ್ಕೆ ದಕ್ಕಲಿಲ್ಲ. 2004ರ ಜನವರಿ 6ರಂದು ಸರಕಾರ ಕುವೆಂಪು ಅವರ ಗೀತೆಯನ್ನು ನಾಡಗೀತೆಯಾಗಿ ಘೋಷಿಸಿತು. ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಇನ್ನೂ ಹದಿನೆಂಟು ವರ್ಷ ನಡೆದು, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಆದೇಶವಾಯಿತು. ಕುವೆಂಪು ಗೀತೆ ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಕರ್ನಾಟಕವನ್ನು ಭಾರತದ ಮಗಳಾಗಿ ಕಾಣುವ ಅದರ ದೃಷ್ಟಿಯೂ ಯೋಗ್ಯವೇ. ಆದರೂ ಉತ್ತರದ ಕವಿಯ ಹಾಡು ಏಕೀಕರಣದ ನೆನಪಾಗಿ ಉಳಿದು, ಮಲೆನಾಡಿನ ಕವಿಯ ಹಾಡು ಕಡ್ಡಾಯವಾಯಿತು ಎಂಬುದನ್ನು ಗುರುತಿಸದೆ ಹೋಗುವುದು ಸರಿಯಲ್ಲ.

ಧ್ವಜದ ಮಾತು ಇನ್ನೂ ತೊಡಕಿನದು. ನವೆಂಬರ್ 1ರಂದು ಬೀದಿಬೀದಿಯಲ್ಲಿ ಹಾರುವ ಅರಿಸಿನ-ಕುಂಕುಮದ ಬಣ್ಣದ ಬಾವುಟ ಸರಕಾರದ್ದಲ್ಲ. ಕನ್ನಡ ಹೋರಾಟಗಾರ ಮ. ರಾಮಮೂರ್ತಿ 1960ರ ದಶಕದಲ್ಲಿ ರೂಪಿಸಿದ್ದು. ಜನರೇ ಅದನ್ನು ನಾಡಧ್ವಜ ಮಾಡಿಕೊಂಡರು. 2018ರ ಮಾರ್ಚ್ 8ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಒಂದು ಅಧಿಕೃತ ವಿನ್ಯಾಸವನ್ನು ಅನಾವರಣ ಮಾಡಿದರು: ಮೇಲೆ ಹಳದಿ, ಕೆಳಗೆ ಕೆಂಪು, ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡದ ಲಾಂಛನ. ಕೇಂದ್ರದ ಒಪ್ಪಿಗೆಗೆ ಅದು ಹೋಯಿತು, ಒಪ್ಪಿಗೆ ಬರಲಿಲ್ಲ. ಪ್ರತ್ಯೇಕ ಧ್ವಜವಿದ್ದ ಏಕೈಕ ರಾಜ್ಯ ಜಮ್ಮು-ಕಾಶ್ಮೀರ. 2019ರಲ್ಲಿ ಅದರದ್ದೂ ಹೋಯಿತು. ಬಿಳಿ ಪಟ್ಟಿ ಸೇರಿಸಿದ್ದಕ್ಕೆ ಕನ್ನಡ ಸಂಘಟನೆಗಳಲ್ಲೇ ಕೆಲವು ಸಿಟ್ಟಾದವು. ಜನ ಕಟ್ಟಿಕೊಂಡ ಗುರುತನ್ನು ಸರಕಾರ ತಿದ್ದಲು ಹೋದಾಗ ಆಗುವುದು ಹೀಗೆಯೇ.

ಬೆಂಗಳೂರಿನಲ್ಲಿ ಅರಿಸಿನ-ಕುಂಕುಮದ ಬಾವುಟ ಸಂಭ್ರಮದ ವಸ್ತು. ಬೆಳಗಾವಿಯಲ್ಲಿ ಅದು ವಾದದ ವಸ್ತು. 2020ರ ಡಿಸೆಂಬರಿನಲ್ಲಿ ಕನ್ನಡ ಕಾರ್ಯಕರ್ತರು ಬೆಳಗಾವಿ ಮಹಾನಗರ ಪಾಲಿಕೆಯ ಎದುರು ಕಂಬ ನೆಟ್ಟು ಅದನ್ನು ಹಾರಿಸಿದಾಗ ಮಹಾರಾಷ್ಟ್ರ ಏಕೀಕರಣ ಸಮಿತಿ ವಿರೋಧಿಸಿತು. ನವೆಂಬರ್ 1ನ್ನು ಒಬ್ಬರು ರಾಜ್ಯೋತ್ಸವವೆಂದರೆ ಇನ್ನೊಬ್ಬರು ಕರಾಳ ದಿನವೆನ್ನುತ್ತ ಬಂದಿದ್ದಾರೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ, ಜತ್ತ, ಅಕ್ಕಲಕೋಟೆಯ ಕಡೆಯ ಹಳ್ಳಿಗಳು ಕರ್ನಾಟಕಕ್ಕೆ ಬರಲಿ ಎಂದಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇಂಥ ಕಡೆ ಬಾವುಟದ ಬಟ್ಟೆಗೆ ಅದರ ತೂಕಕ್ಕಿಂತ ಹೆಚ್ಚಿನ ಭಾರ ಬೀಳುತ್ತದೆ. ಆದರೆ ಸಂಕೇಶ್ವರದ ಪೇಟೆಯಲ್ಲಿ ಒಬ್ಬ ವ್ಯಾಪಾರಿ ಒಂದೇ ಉಸಿರಿನಲ್ಲಿ ಕನ್ನಡದಲ್ಲಿ ದರ ಹೇಳಿ ಮರಾಠಿಯಲ್ಲಿ ಚೌಕಾಸಿ ಮಾಡುತ್ತಾನೆ ಎಂಬುದೂ ಅಷ್ಟೇ ನಿಜ.

ಇಂಥ ಕಗ್ಗಂಟು ಈ ಒಂದು ಗಡಿಯಲ್ಲಿ ಮಾತ್ರ ಇಲ್ಲ. ದೂರದ ದಕ್ಷಿಣ ಅಮೆರಿಕದಲ್ಲಿ ಬೊಲಿವಿಯಾ ಎಂಬ ದೇಶವಿದೆ. ಅದಕ್ಕೆ ಎರಡು ರಾಜಧಾನಿ: ಸಂವಿಧಾನದ ಪ್ರಕಾರ ಸುಕ್ರೆ, ಅಲ್ಲಿ ಸರ್ವೋಚ್ಚ ನ್ಯಾಯಾಲಯ, ಅಧ್ಯಕ್ಷರೂ ಸಂಸತ್ತೂ ಇರುವುದು ಲಾಪಾಸ್‌ನಲ್ಲಿ. 1899ರ ಅಂತರ್ಯುದ್ಧದ ಫಲ ಅದು. ಕೆಂಪು, ಹಳದಿ, ಹಸಿರಿನ ತ್ರಿವರ್ಣ ಧ್ವಜ ಬಹಳ ಕಾಲದಿಂದ ಇತ್ತು. ಆದರೆ ಬೆಟ್ಟದ ಮೂಲನಿವಾಸಿಗಳಿಗೆ ತಮ್ಮದೇ ಬಾವುಟ ಇತ್ತು, 49 ಬಣ್ಣದ ಚೌಕಗಳ ‘ವಿಫಾಲ’. 2009ರ ಸಂವಿಧಾನ ಅದನ್ನೂ ರಾಷ್ಟ್ರಲಾಂಛನವೆಂದು ಒಪ್ಪಿಕೊಂಡಿತು. ಹೂವು ಕೂಡ ಎರಡು: ಎತ್ತರದ ಬೆಟ್ಟದವರಿಗೆ ಕಂತೂತ, ಪೂರ್ವದ ತಗ್ಗುನಾಡಿನವರಿಗೆ ಪತುಹೂ. ಸ್ಪ್ಯಾನಿಶ್ ಜೊತೆಗೆ 36 ಮೂಲನಿವಾಸಿ ಭಾಷೆಗಳು ಅಧಿಕೃತ. ಇನ್ನೂ ವಿಚಿತ್ರವೆಂದರೆ, ಅದರ ಲಾಂಛನದಲ್ಲಿ ನಕ್ಷತ್ರಗಳು ಹತ್ತು, ಪ್ರಾಂತಗಳು ಒಂಬತ್ತೇ. ಹತ್ತನೆಯದು 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿ ಕಿತ್ತುಕೊಂಡ ಸಮುದ್ರತೀರದ ನೆನಪು. ಆ ದೇಶಕ್ಕೆ ಕಡಲಿಲ್ಲ, ನೌಕಾಪಡೆ ಇದೆ. ಟಿಟಿಕಾಕಾ ಸರೋವರದಲ್ಲಿ ತಿರುಗಾಡುತ್ತದೆ. 2018ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಬೊಲಿವಿಯಾಕ್ಕೆ ಕಡಲ ದಾರಿ ಕೊಡುವ ಬಗ್ಗೆ ಮಾತುಕತೆಗೆ ಕೂರುವ ಬಾಧ್ಯತೆ ಚಿಲಿಗೆ ಇಲ್ಲವೆಂದು ತೀರ್ಪಿತ್ತಿತು. ನಕ್ಷತ್ರ ಮಾತ್ರ ಇನ್ನೂ ಅಲ್ಲೇ ಇದೆ.

ಬೊಲಿವಿಯಾದವರ ಕಳೆದುಹೋದ ಕಡಲಿಗೂ ಇಲ್ಲಿಯ ಗಡಿಗೂ ಹೋಲಿಕೆ ಹೆಚ್ಚು ದೂರ ಹೋಗುವುದಿಲ್ಲ. ಆದರೆ ಹೂವಿನ ಸಂಗತಿ ಯೋಚಿಸುವಂಥದು. ರಾಜ್ಯದ ಎರಡು ಭಾಗಗಳು ಒಂದೇ ಗುರುತಿನಲ್ಲಿ ತಮ್ಮನ್ನು ಕಾಣದಿದ್ದಾಗ, ಇದ್ದುದನ್ನು ಕಿತ್ತೊಗೆಯದೆ ಪಕ್ಕದಲ್ಲಿ ಇನ್ನೊಂದನ್ನು ನೆಡಬಹುದು. ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ನಡೆದದ್ದೂ ಹೆಚ್ಚುಕಡಿಮೆ ಅದೇ. 2006ರಲ್ಲಿ ಬೆಳಗಾವಿಯಲ್ಲಿ ಮೊದಲ ಬಾರಿಗೆ ವಿಧಾನಮಂಡಲದ ಅಧಿವೇಶನ ನಡೆಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಬೆಂಗಳೂರಿನ ವಿಧಾನಸೌಧಕ್ಕೆ ನೆಹರೂ 1951ರಲ್ಲಿ ಅಡಿಗಲ್ಲು ಹಾಕಿದಾಗ ಬೆಳಗಾವಿ ಆ ರಾಜ್ಯದಲ್ಲೇ ಇರಲಿಲ್ಲ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ್ದು ಹಳೆಯ ಮೈಸೂರಿಗಾಗಿ. ಬೆಳಗಾವಿಯದು ಕೂಡಿದ ರಾಜ್ಯ ತನಗಾಗಿ ಕಟ್ಟಿಕೊಂಡ ಮೊದಲ ಸೌಧ. 2021ರ ನವೆಂಬರಿನಲ್ಲಿ ‘ಮುಂಬಯಿ ಕರ್ನಾಟಕ’ ಎಂಬ ಹೆಸರು ಹೋಗಿ ‘ಕಿತ್ತೂರು ಕರ್ನಾಟಕ’ ಬಂತು. ಮುಂಬಯಿ ಬಿಟ್ಟು 65 ವರ್ಷಗಳ ಮೇಲೆ ಮುಂಬಯಿಯ ಹೆಸರು ಬಿಟ್ಟಂತಾಯಿತು. 2024ರ ಜನವರಿಯಲ್ಲಿ ಸರಕಾರ ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಗಂಡಭೇರುಂಡದ ಪಕ್ಕದಲ್ಲಿ ಚನ್ನಮ್ಮನೂ ಬಸವಣ್ಣನೂ ಬಂದು ನಿಂತಿದ್ದಾರೆ.

ಇಷ್ಟರಿಂದ ತೃಪ್ತಿ ಆಗಬೇಕೆಂದೇನೂ ಇಲ್ಲ. ಸುವರ್ಣಸೌಧದಲ್ಲಿ ಅಧಿವೇಶನ ನಡೆಯುವುದು ವರ್ಷಕ್ಕೆ ಎರಡು ವಾರದಷ್ಟು. ಉಳಿದ ದಿನ ಹೆದ್ದಾರಿಯಲ್ಲಿ ಹೋಗುವವರು ನೋಡಿ ಮುಂದೆ ಹೋಗುತ್ತಾರೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ಕಿತ್ತೂರು ಕರ್ನಾಟಕಕ್ಕೆ ಹೆಸರಷ್ಟೇ ಇದೆ. 18 ವಿಧಾನಸಭಾ ಕ್ಷೇತ್ರಗಳ ಈ ಜಿಲ್ಲೆಯನ್ನು ಒಡೆದು ಚಿಕ್ಕೋಡಿ, ಗೋಕಾಕ ಜಿಲ್ಲೆ ಮಾಡಬೇಕೆಂಬ ಬೇಡಿಕೆ ಹಳೆಯದು. 2022ರಲ್ಲಿ ತೀರಿಕೊಂಡ ಹುಕ್ಕೇರಿಯ ಶಾಸಕ, ಸಚಿವ ಉಮೇಶ ಕತ್ತಿಯವರು ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯವಾಗಲೆಂದು ಸಚಿವರಾಗಿದ್ದುಕೊಂಡೇ ಹೇಳುತ್ತಿದ್ದರು. ಅವರ ಬೇಡಿಕೆಯನ್ನು ಇಲ್ಲಿಯವರೆಲ್ಲ ಒಪ್ಪಿದರೆಂದಲ್ಲ. ಅದರ ಹಿಂದಿನ ದೂರನ್ನು ಅಲ್ಲಗಳೆದವರು ಕಡಿಮೆ. ಹೆಸರು, ಕಟ್ಟಡ, ಭಾವಚಿತ್ರ ಇವು ಸರಕಾರಕ್ಕೆ ಅಗ್ಗದಲ್ಲಿ ಸಿಗುತ್ತವೆ. ಕಚೇರಿಗಳನ್ನು ಬೆಂಗಳೂರಿನಿಂದ ಎಬ್ಬಿಸಿ ತರುವುದು ದುಬಾರಿ.

ಕೊನೆಯದಾಗಿ, ಬೇಡದೆಯೇ ಈ ಭಾಗದ್ದಾಗಿರುವ ಒಂದು ಲಾಂಛನದ ಮಾತು. ಅದು ರಾಜ್ಯದ್ದಲ್ಲ, ಇಡೀ ದೇಶದ್ದು. ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವುದರಲ್ಲಿ ಧಾರವಾಡ ಹತ್ತಿರದ ಗರಗ ಹಳೆಯ ಹೆಸರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರ ನವೆಂಬರ್ 1ರಂದು ಹುಟ್ಟಿತು, ಏಕೀಕರಣದ ಮೊದಲ ವರ್ಷದ ದಿನವೇ. ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ನೇಯ್ದು ಬರುತ್ತದೆ. ಬೆಂಗೇರಿಯಲ್ಲಿ ಬಣ್ಣ ಹಾಕಿ, ಚಕ್ರ ಅಚ್ಚೊತ್ತಿ, ಹೊಲಿಯುತ್ತಾರೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2006ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಪರವಾನಗಿ ಸಿಕ್ಕಿತು. ಬಹುಕಾಲ ದೇಶದಲ್ಲಿ ಆ ಪರವಾನಗಿ ಇದ್ದ ಘಟಕ ಅದೊಂದೇ. ಆ ಸಂಸ್ಥೆಯ ಮಾನಕಗಳ ಪಟ್ಟಿಯಲ್ಲಿ ಒಂದನೆಯ ನಂಬರು ಯಾವುದಕ್ಕೆ ಎಂದರೆ ರಾಷ್ಟ್ರಧ್ವಜಕ್ಕೇ. ಅಳತೆ ಒಂಬತ್ತು ಬಗೆ, ಉದ್ದ ಅಗಲಗಳ ಪ್ರಮಾಣ 3ಕ್ಕೆ 2, ಚಕ್ರದ ಕಡ್ಡಿ 24, ಎರಡೂ ಮಗ್ಗುಲಿಗೆ ಒಂದರ ಮೇಲೊಂದು ಕೂಡುವಂತೆ ಅಚ್ಚು. ಬಣ್ಣ ಒಂದು ಎಳೆ ತಪ್ಪಿದರೂ ಆ ಧ್ವಜ ಹೊರಗೆ ಹೋಗುವಂತಿಲ್ಲ.

2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಧ್ವಜಸಂಹಿತೆಯನ್ನು ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅವಕಾಶ ಕೊಟ್ಟಿತು. ಮರುವರ್ಷ ಮನೆಮನೆಯಲ್ಲಿ ಧ್ವಜ ಹಾರಿತು, ಬೆಂಗೇರಿಯಲ್ಲಿ ಬೇಡಿಕೆ ಕುಸಿಯಿತು. ಸಂಘ ಪ್ರತಿಭಟಿಸಿತು. ಮನೆಮನೆಗೆ ಧ್ವಜ ಮುಟ್ಟಬೇಕಾದರೆ ಅಗ್ಗದ ಬಟ್ಟೆ ಬೇಕು ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಚರಕದ ನೂಲಿನ ಬಟ್ಟೆ ಎಂಬುದು ಆ ಧ್ವಜಕ್ಕೆ ಮೇಲಿನಿಂದ ಹೊದಿಸಿದ ಅಲಂಕಾರವಾಗಿರಲಿಲ್ಲ. ಅದೇ ಅದರ ಅರ್ಥದ ಅರ್ಧವಾಗಿತ್ತು.

ಬೆಂಗೇರಿ ಸಂಕೇಶ್ವರದಿಂದ ಇದೇ ಹೆದ್ದಾರಿಯ ಮೇಲೆ ಮೂರು ತಾಸಿನ ದಾರಿ. ಶಾಲೆ, ಸಹಕಾರಿ ಸಂಘ, ಪಂಚಾಯಿತಿ ನಡೆಸುವವರು ಇಲ್ಲಿ ಹಲವರು ಇದ್ದೀರಿ. ಖಾದಿ ಧ್ವಜ ಕೊಳ್ಳುವಾಗ ಹಗ್ಗ ಪೋಣಿಸುವ ಬಿಳಿ ಪಟ್ಟಿಯನ್ನು ತಿರುವಿ ನೋಡಿರಿ. ಮಾನಕ ಸಂಸ್ಥೆಯ ಮುದ್ರೆ ಇರುವುದು ಅಲ್ಲಿ.